ಒಲೆ ಎಣಿಸುವ ಅಕ್ಕೋರು

ಅಕ್ಕೋರು ತೀರಿಕೊಂಡರು ಎಂದು ಫೋನ್ ಬಂದಾಗ ನಾನು ಅಕ್ಕಿ ಆರಿಸುತ್ತಿದ್ದೆ. "ಛೇ, ಪಾಪ" ಎಂದೆ. ಅದು ಬಾಯಿಂದ ಬಂದದ್ದು. ಮನಸ್ಸಿಗೆ ಬಂದದ್ದೇ ಬೇರೆ: ಇನ್ನು ಮುಂಡಗೋಡ ತಾಲೂಕನ್ನು ನನಗಿಂತ ಹೆಚ್ಚು ಬಲ್ಲವರು ಯಾರೂ ಉಳಿಯಲಿಲ್ಲ. ಹಾಗೆ ಅನ್ನಿಸಿದ್ದಕ್ಕೆ ಆ ಕ್ಷಣವೇ ನಾಚಿಕೆಯಾಯಿತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತಿತ್ತು. ಆಗಲಿಲ್ಲ. ನಾಚಿಕೆ ಆಮೇಲೆ ಬಂತು, ಅದೂ ಬೇರೆ ಕಾರಣಕ್ಕೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಕನ್ನಡ ಶಾಲೆಯಲ್ಲಿ, ಎಂದರೆ ಪ್ರೈಮರಿಯಲ್ಲಿ, ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಹೈಸ್ಕೂಲಿನಲ್ಲಿ ಕಲಿಸುವವಳು ಮೇಡಂ ಆಗುತ್ತಾಳೆ. ನಾನು ಮೇಡಂ. ಹಳಿಯಾಳದ ಪೇಟೆಯ ಮನೆಯವಳು, ಧಾರವಾಡದಲ್ಲಿ ಎಂ.ಎ. ಮಾಡಿದವಳು, ಕೆಲಸದಲ್ಲಿ ಇದ್ದಷ್ಟು ಕಾಲವೂ ಮುಂಡಗೋಡದಲ್ಲಿ ಸಮಾಜ ವಿಜ್ಞಾನ ಹೇಳಿದವಳು. ಅವರು ಅಕ್ಕೋರು. ಕ್ಯಾಸಲ್‌ರಾಕ್‌ನ ರೈಲ್ವೆ ಗ್ಯಾಂಗ್‌ಮನ್ ಒಬ್ಬರ ಮಗಳು. ನಮ್ಮ ತಾಲೂಕಿನ ಕಾಡಂಚಿನ ಒಂದು ಸಣ್ಣ ಶಾಲೆಗೆ ಬಂದವರು ನಿವೃತ್ತಿಯ ತನಕ ಅಲ್ಲೇ ಇದ್ದರು. ವರ್ಗ ಕೇಳಲಿಲ್ಲ, ಬಡ್ತಿ ಬಂದರೂ ಒಲ್ಲೆ ಎಂದರು. "ಅಪ್ಪ ಹಳಿ ನೋಡ್ಕೋತ ಹೋಗಾಂವ, ನಾ ಕಟ್ಟಿ ಮ್ಯಾಲೆ ಕುಂತು ಗೂಡ್ಸ್ ಗಾಡಿ ಡಬ್ಬಿ ಎಣಿಸಾಕಿ. ನನಗ ಲೆಕ್ಕ ಕಲಿಸಿದ್ದು ರೈಲ್ ರೀ" ಎನ್ನುತ್ತಿದ್ದರು. ಮನೆಯಲ್ಲಿ ಕೊಂಕಣಿ, ಸ್ಟೇಷನ್ನಿನಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಮೂರನ್ನೂ ಒಂದೇ ಏರುದನಿಯಲ್ಲಿ ಆಡುತ್ತಿದ್ದರು. ಆಚೆ ಜೋಯಿಡಾ ಕಾಡಿನ ಸ್ಟೇಷನ್ನಿನಿಂದ ಬಂದ ಹೆಂಗಸಿಗೆ ನಮ್ಮ ತಾಲೂಕಿನ ಉಸಾಬರಿ ಯಾಕೆ ಎಂದು ನಾನು ಎಷ್ಟೋ ಸಲ ಗೊಣಗಿದ್ದೇನೆ. ಹಳಿಯಾಳದವಳಾದ ನಾನೂ ಮುಂಡಗೋಡಕ್ಕೆ ಪರಊರಿನವಳೇ ಎಂಬುದು ಆಗ ನೆನಪಾಗುತ್ತಿರಲಿಲ್ಲ.

ನೋಡಲು ಕುಳ್ಳು, ಗಟ್ಟಿಮುಟ್ಟು. ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು, ಹೆಗಲಲ್ಲಿ ಚುರುಮುರಿ ತುಂಬಿದ ಚೀಲ, ಬಿಸಿಲಿರಲಿ ಬಿಡಲಿ ಕೈಯಲ್ಲಿ ಛತ್ರಿ. ನಡೆಯುವಾಗ ಅವರಿಗೊಂದು ಚಾಳಿಯಿತ್ತು. ಒಂದಷ್ಟು ದೂರ ಹೋಗಿ ನಿಂತು, ಬಂದ ದಾರಿಯನ್ನು ತಿರುಗಿ ನೋಡುವುದು. ಒಮ್ಮೆ ಜೊತೆಗಿದ್ದಾಗ ಬೇಸರವಾಗಿ, ಏನು ಬಿಟ್ಟು ಬಂದಿದ್ದೀರಿ ಎಂದು ಕೇಳಿದೆ. "ಹೋಗೂ ದಾರಿ ಬ್ಯಾರೆ ಕಾಣ್ತೈತಿ, ಬರೂ ದಾರಿ ಬ್ಯಾರೆ ಕಾಣ್ತೈತ್ರಿ ಮೇಡಮ್ಮೋರ. ಈಗ ನೋಡಿಟ್ಕೊಂಡ್ರ ಬರೂವಾಗ ತಪ್ಪಂಗಿಲ್ಲ" ಎಂದರು. ಇದು ಯಾವ ಭೂಗೋಳದ ಪುಸ್ತಕದಲ್ಲೂ ಇರಲಿಲ್ಲ. ನನಗೆ ಸಿಟ್ಟು ಬಂತು.

ಸಿಟ್ಟಿನ ಮೂಲ ಇನ್ನೂ ಹಳೆಯದು. ಶಿಕ್ಷಕರ ತರಬೇತಿಯೊಂದರಲ್ಲಿ ತಾಲೂಕಿನ ಭೂಗೋಳದ ಮೇಲೆ ಮಾತಾಡಲು ನನ್ನನ್ನು ಕರೆದಿದ್ದರು. ಮೂಡಲಿಗೆ ಪಾಳಾ, ಇಂದೂರಿನ ಬಯಲು, ಪಡುವಲಿಗೆ ಕಾಡು, ಮಳೆ, ಮಣ್ಣು, ಬೆಳೆ ಎಂದು ಒಂದು ತಾಸು ನಕ್ಷೆ ಹಿಡಿದು ಹೇಳಿದೆ. ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಎಂದೆ, ಯಾರೂ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ. ಹಿಂದಿನ ಬೆಂಚಿನಿಂದ ಛತ್ರಿ ಮೇಲೆದ್ದಿತು. "ನೀರು ಯಾವ ಕಡೆ ಹರಿತಾವ್ರಿ?" ಪಡುವಲಿಗೆ, ಬೇಡ್ತಿ ನದಿಗೆ ಎಂದೆ. "ಎಲ್ಲಾನೂ?" ಎಂದರು. ಎಲ್ಲವೂ ಎಂದೆ. ಅವರು ನನ್ನನ್ನು ತಿದ್ದಲಿಲ್ಲ. ಸುಮ್ಮನೆ ಕುಳಿತು ಪಕ್ಕದವರಿಗೆ ಏನೋ ಹೇಳಿದರು. ಮಾರನೆಯ ದಿನ ಅರ್ಧ ತರಬೇತಿ ಅವರ ಶಾಲೆಯ ಹಿಂದಿನ ದಿಬ್ಬ ಹತ್ತಿತ್ತು. ದಿಬ್ಬದ ಪಡುವಲಿಗೆ ಬಿದ್ದ ಮಳೆ ಬೇಡ್ತಿ ಸೇರಿ ಅರಬ್ಬೀ ಸಮುದ್ರಕ್ಕೆ. ಮೂಡಲಿಗೆ ಬಿದ್ದದ್ದು ಧರ್ಮಾ ನದಿ ಸೇರಿ, ವರದೆ, ತುಂಗಭದ್ರೆ ಎಂದು ಸುತ್ತಿ ಬಂಗಾಳ ಕೊಲ್ಲಿಗೆ. ಅವರ ಶಾಲೆಯ ಮಕ್ಕಳು ಅಲ್ಲಿ ನಿಂತು ಎರಡೂ ಕಡೆ ಉಗುಳಿ, ಯಾರ ಉಗುಳು ಮೊದಲು ಸಮುದ್ರ ಕಾಣುತ್ತದೆ ಎಂದು ಪಣ ಕಟ್ಟುತ್ತಿದ್ದರು. ಅಂದು ಒಬ್ಬ ಮುಖ್ಯಾಧ್ಯಾಪಕರೂ ಆಚೆ ಈಚೆ ನೋಡಿ ಎರಡೂ ಕಡೆ ಉಗುಳಿದರು. ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ.

ಅವರ ಶಾಲೆಯ ಅಂಗಳದಲ್ಲಿ ವರ್ಷಕ್ಕೊಮ್ಮೆ ತಾಲೂಕು ಮೂಡುತ್ತಿತ್ತು. ಸಗಣಿ ಸಾರಿಸಿದ ನೆಲದ ಮೇಲೆ ಮಕ್ಕಳು ತಂತಮ್ಮ ಊರಿನ, ಅಜ್ಜಿಯ ಊರಿನ ಮಣ್ಣು ತಂದು ಅದದರ ಜಾಗದಲ್ಲಿ ಸುರಿಯಬೇಕು. ಒಂದು ಕಡೆ ಕಪ್ಪು, ಒಂದು ಕಡೆ ಕೆಂಪು, ನಡುವೆ ಬೂದಿ ಬಣ್ಣ. ಟಿಬೆಟಿಯನ್ನರ ಕ್ಯಾಂಪಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು, ನಮ್ಮ ಊರು ಹಿಮದಲ್ಲಿದೆ, ಅಲ್ಲಿನ ಮಣ್ಣು ನನ್ನ ಹತ್ತಿರ ಇಲ್ಲ ಎಂದು ಅತ್ತಳಂತೆ. ಅವರು ಅವಳ ಕೈ ಹಿಡಿದು ಕ್ಯಾಂಪಿಗೇ ಕರೆದುಕೊಂಡು ಹೋಗಿ, ಅವಳ ಮನೆಯ ಬಾಗಿಲ ಮುಂದಿನ ಮಣ್ಣನ್ನು ತೆಗೆಸಿ, "ನೀ ದಿನಾ ಕಾಲಿಡೂದು ಇದರ ಮ್ಯಾಲ. ಇದ ನಿನ್ನ ಊರು" ಎಂದರಂತೆ. ಇದನ್ನೆಲ್ಲ ನಾನು ನೋಡಿದ್ದಲ್ಲ, ಕೇಳಿದ್ದು. ಅವರ ಮಾತು ತಾಲೂಕಿನಲ್ಲಿ ಎಲ್ಲಿ ಹೋದರೂ ಕಿವಿಗೆ ಬೀಳುತ್ತಿತ್ತು. ನಾನು ಗೋಡೆಯ ಮೇಲೆ ನೇತುಹಾಕಿಸಿದ ಬಣ್ಣದ ನಕ್ಷೆಯ ವಿಷಯ ಯಾರೂ ಆಡುತ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಹೆಚ್ಚಿನ ಕಟ್ಟಿಗೆ ಬೇಕೇ?

ಆಮೇಲೆ ಪುಸ್ತಕ ಬಂತು. ತಾಲೂಕಿನ ಒಂದು ಸಮಾರಂಭಕ್ಕಾಗಿ ತಾಲೂಕಿನ ಭೂಗೋಳ, ಇತಿಹಾಸ, ಜನಸಂಖ್ಯೆ ಮೂರನ್ನೂ ಸೇರಿಸಿ ಒಂದು ಪರಿಚಯ ಗ್ರಂಥ ಬರೆದುಕೊಡಿ ಎಂದು ನನ್ನನ್ನೇ ಕೇಳಿದರು. ಹೌದು, ನನ್ನನ್ನೇ. ಭೂಗೋಳ, ಇತಿಹಾಸ ಸುಲಭವಾದವು. ಜನಸಂಖ್ಯೆಗೆ ಬಂದಾಗ ತೊಡರು. ದೊಡ್ಡ ಊರುಗಳ ಅಂಕಿ ಕಚೇರಿಯಲ್ಲಿ ಸಿಗುತ್ತದೆ. ಕಾಡೊಳಗಿನ ಸಣ್ಣ ವಸತಿಗಳನ್ನು ನಾವು ವಾಡ ಎನ್ನುತ್ತೇವೆ. ಸಿದ್ದಿಯರದೋ ಗೌಳಿಗರದೋ ಹತ್ತು ಹದಿನೈದು ಗುಡಿಸಲು. ಅವು ಎಲ್ಲ ಕಾಗದಗಳಲ್ಲೂ ಪಕ್ಕದ ದೊಡ್ಡ ಊರಿನ ಹೆಸರಿನೊಳಗೆ ಮುಳುಗಿರುತ್ತವೆ. ಅವುಗಳ ಪಟ್ಟಿ ಯಾರ ಹತ್ತಿರ ಇದೆ ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ಅಕ್ಕೋರು. ನುಂಗಲಾರದೆ ಉಗುಳಲಾರದೆ ಅವರ ಶಾಲೆಗೆ ಹೋದೆ.

ಅವರು ಬೀರುವಿನಿಂದ ಒಂದು ಕಟ್ಟು ತೆಗೆದರು. ಹಳೆಯ ಹಾಜರಿ ಹಾಳೆಗಳು. ಮುಂಬದಿಯಲ್ಲಿ ಶಾಲೆಯ ಮೊಹರು, ಆಯಾ ವರ್ಷ, ತನಿಖೆಗೆ ಬಂದವರ ಸಹಿ. ಹಿಂಬದಿಯಲ್ಲಿ ಅವರ ಗುಂಡು ಅಕ್ಷರ. ಕೆಲಸಕ್ಕೆ ಸೇರಿದ ಮೊದಲ ವರ್ಷದಿಂದಲೂ, ಶಾಲೆಗೆ ಮಕ್ಕಳನ್ನು ಕರೆತರಲೆಂದು ವಾಡವಾಡ ತಿರುಗಿ ಬರೆದಿಟ್ಟದ್ದು. ಓದಿದರೆ, ಪ್ರತಿ ಸಾಲೂ "ಒಲಿ" ಎಂದು ಶುರುವಾಗುತ್ತಿತ್ತು. "ಒಲಿ ಏಳು. ರೋಜಾಬಾಯಿ. ಎರಡು ಕೂಸು. ಅತ್ತಿಗೆ ಕಣ್ಣು ಕಾಣಂಗಿಲ್ಲ. ಬಾಗಿಲಾಗ ಹಲಸಿನ ಗಿಡ."

"ಮನೆ ಅಂತ ಬರೆಯೋದು ಬಿಟ್ಟು ಇದೇನ್ರಿ?" ಎಂದೆ.

"ಮನಿ ಎಣಿಸಬಾರದ್ರಿ, ಒಲಿ ಎಣಿಸಬೇಕು. ಒಂದ ಸೂರಿನ ಕೆಳಗ ಮೂರು ಒಲಿ ಇರ್ತಾವು. ಅಣ್ಣತಮ್ಮರು ಬ್ಯಾರೆ ಆಗಿರ್ತಾರ, ಅತ್ತಿ ಸೊಸಿ ಮಾತು ಬಿಟ್ಟಿರ್ತಾರ. ಹೊರಗ ನಿಂತು ಕೇಳಿದ್ರ ಮರ್ಯಾದಿಗೆ ಅಂಜಿ ಒಂದ ಮನಿ ಅಂತಾರ. ಒಳಗ ಹೋಗಿ ಒಲಿ ನೋಡಿದ್ರ ತಿಳೀತೈತಿ."

"ಹೆಂಗಸರ ಹೆಸರೇ ಇದಾವಲ್ಲ. ಗಂಡಸರದು?"

"ಗಂಡಸರು ದುಡಿಯಾಕ ಘಟ್ಟ ಇಳಿತಾರ. ಕೆಲವ್ರು ಬರ್ತಾರ, ಕೆಲವ್ರು ಬರೂದಿಲ್ಲ. ಒಲಿ ಹಚ್ಚಾಕಿ ಅಲ್ಲೇ ಇರ್ತಾಳ್ರಿ."

ಇಡೀ ಕಟ್ಟನ್ನು ನನ್ನ ಕೈಗಿಟ್ಟರು. ಬೇರೆ ಪ್ರತಿ ಇದೆಯೇ ಎಂದು ಕೇಳಿದೆ. ಇಲ್ಲ, ಇದೊಂದೇ ಎಂದರು. ಪುಸ್ತಕದಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದು, ಹಾಕುವ ಮನಸ್ಸಿಲ್ಲದೆ ಹೇಳಿದೆ. "ನನ್ನ ಹೆಸರು ಬ್ಯಾಡ್ರಿ. ಊರಿನ ಹೆಸರು ಬಂದ್ರ ಸಾಕು" ಎಂದರು. ಬೇಕು ಎಂದಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಬೇಡ ಎನ್ನುವಷ್ಟು ಸಿರಿ ಅವರಲ್ಲಿತ್ತು, ನನ್ನಲ್ಲಿರಲಿಲ್ಲ.

ಅವರ ಪಟ್ಟಿಯಲ್ಲಿದ್ದ ವಾಡಗಳನ್ನು ಬೇರೆ ಕಾಗದಗಳ ಜೊತೆ ತಾಳೆ ನೋಡಿದೆ. ಹೆಚ್ಚಿನವು ಎಲ್ಲಾದರೊಂದು ಕಡೆ ಸಿಕ್ಕವು. ಒಂದು ಮಾತ್ರ ಎಲ್ಲೂ ಇಲ್ಲ. ಹಳ್ಳದ ಆಚೆಯ ಸಿದ್ದಿ ವಾಡ. ಅದನ್ನು ಸೇರಿಸಿದರೆ ಆಧಾರ ಏನು ಎಂದು ಅಡಿಯಲ್ಲಿ ಬರೆಯಬೇಕು. ಆಧಾರ ಎಂದರೆ ಅವರ ಹೆಸರು. ನನ್ನ ಪುಸ್ತಕದಲ್ಲಿ ಕನ್ನಡ ಶಾಲೆಯ ಅಕ್ಕೋರ ಹೆಸರು, ಅದೂ ಆಧಾರವಾಗಿ. ಪೆನ್ನು ತೆಗೆದುಕೊಂಡು ಅವರ ಹಾಳೆಯ ಮೇಲೇ ಆ ವಾಡವನ್ನು ಹೊಡೆದು ಹಾಕಿದೆ. ಹನ್ನೊಂದು ಒಲೆ. ಮುನ್ನುಡಿಯಲ್ಲಿ ಮಾತ್ರ ಅವರ ಮಾತು ಕದ್ದು, "ಈ ತಾಲೂಕಿನ ಒಂದು ಒಲೆಯೂ ಇಲ್ಲಿ ಬಿಟ್ಟುಹೋಗಿಲ್ಲ" ಎಂದು ಬರೆದೆ. ಸಮಾರಂಭದಲ್ಲಿ ನನಗೆ ಶಾಲು ಹೊದಿಸಿದರು, ಹಾರ ಹಾಕಿದರು. ಅಕ್ಕೋರು ಹಿಂದೆ ಕುಳಿತಿದ್ದರು. ಪುಸ್ತಕವನ್ನು ತಿರುವಿ, ವಾಡಗಳ ಪಟ್ಟಿಯ ಪುಟದಲ್ಲಿ ಸ್ವಲ್ಪ ಹೊತ್ತು ಬೆರಳಿಟ್ಟುಕೊಂಡಿದ್ದರು. ಹೊರಡುವಾಗ ಹತ್ತಿರ ಬಂದು "ಅಚ್ಚು ಚೊಲೋ ಆಗೈತ್ರಿ" ಎಂದರು. ಅಷ್ಟೇ.

ವರ್ಷಗಳು ಕಳೆದವು. ಅವರೂ ನಿವೃತ್ತರಾದರು, ನಾನೂ ಆದೆ. ಒಂದು ಬೆಳಿಗ್ಗೆ ಲೂಸಿಯಾ ಎಂಬ ಸಿದ್ದಿ ಹೆಂಗಸು ಮನೆಗೆ ಬಂದಳು. ಹಳ್ಳದಾಚೆಯ ವಾಡದವಳು, ಅಕ್ಕೋರ ಹಳೆಯ ಶಿಷ್ಯೆ, ಈಗ ಅಂಗನವಾಡಿಯಲ್ಲಿ ಕೆಲಸ. ಕೈಯಲ್ಲಿ ನನ್ನ ಪುಸ್ತಕ. ಕೂಡು ಎಂದರೂ ಕೂಡಲಿಲ್ಲ.

"ಮೇಡಮ್ಮೋರ, ಇದ್ರಾಗ ನಮ್ಮ ವಾಡ ಯಾಕ ಇಲ್ರಿ?"

ವಾಡದವರು ಇರುವ ಜಾಗ ಅರಣ್ಯ ಇಲಾಖೆಯದು. ಹಿಂದಿನಿಂದಲೂ ಅಲ್ಲೇ ಇದ್ದೇವೆ ಎಂದು ತೋರಿಸಿದರೆ ಹಕ್ಕುಪತ್ರ ಸಿಗುತ್ತದೆ, ತೋರಿಸದಿದ್ದರೆ ಏಳಬೇಕು. ರೇಷನ್ ಕಾರ್ಡು, ಶಾಲೆಯ ದಾಖಲಾತಿ, ಎಲ್ಲದರಲ್ಲೂ ದೊಡ್ಡ ಊರಿನ ಹೆಸರು. ಇವರು ಈಚೆಗೆ ಎಲ್ಲಿಂದಲೋ ಬಂದು ಗುಡಿಸಲು ಹಾಕಿದವರು ಎಂದು ಯಾರೋ ತಕರಾರು ಕೊಟ್ಟಿದ್ದರು. ಜೊತೆಗೆ ನನ್ನ ಪುಸ್ತಕವನ್ನು ಲಗತ್ತಿಸಿದ್ದರು. ಎಲ್ಲ ವಾಡಗಳ ಪಟ್ಟಿ ಇದೆ, ಇದೊಂದು ಇಲ್ಲ, ಬರೆದವರು ಎಂ.ಎ. ಓದಿದವರು, ಒಂದು ಒಲೆಯನ್ನೂ ಬಿಟ್ಟಿಲ್ಲ ಎಂದು ಅವರೇ ಹೇಳಿದ್ದಾರೆ ಎಂಬುದು ತಕರಾರಿನ ವಾದ.

"ಅಕ್ಕೋರನ್ನ ಕೇಳಿದಿಯಾ?" ಎಂದೆ, ಬೇರೇನೂ ತೋಚದೆ.

"ಕೇಳೀನ್ರಿ. ಅವ್ರು ಹಿಯರಿಂಗಿಗೆ ಬರ್ತಾರ. ನೀವೂ ಬರ್ರಿ."

ಹೋದೆ. ವಿಚಾರಣೆಯ ಅಧಿಕಾರಿ ಸಮಾಧಾನದ ಮನುಷ್ಯ. ನನ್ನ ಮುನ್ನುಡಿಯ ಸಾಲನ್ನು ಗಟ್ಟಿಯಾಗಿ ಓದಿ, ಇದಕ್ಕೆ ಏನನ್ನುತ್ತೀರಿ ಎಂದರು. ಅಷ್ಟರಲ್ಲಿ ಪಕ್ಕದಲ್ಲಿ ಅಕ್ಕೋರ ಕುರ್ಚಿ ಸರಿದ ಸದ್ದಾಯಿತು.

"ಆ ಪಟ್ಟಿ ಅವ್ರಿಗೆ ಕೊಟ್ಟಾಕಿ ನಾನ್ರಿ ಸಾಹೇಬ್ರ. ಹಳ್ಳದಾಚೆಂದು ಬರಿಯೂದು ನಾನ ಮರತೆ. ತಪ್ಪು ನಂದು. ವಾಡ ಮಾತ್ರ ಅಲ್ಲೇ ಐತ್ರಿ, ನಾ ಶಾಲಿಗೆ ಬಂದ ವರ್ಷದಿಂದ ನೋಡೀನಿ."

ನಾನು ಬಾಯಿ ತೆರೆಯಲಿಲ್ಲ. ಅಧಿಕಾರಿ ಬರೆದುಕೊಂಡರು. ವಯಸ್ಸಾದವರ ನೆನಪಿನ ಮಾತು, ಮರೆತೆ ಎಂದು ಅವರೇ ಒಪ್ಪಿಕೊಂಡಿದ್ದಾರೆ, ಇದರ ಮೇಲೆ ಹೇಗೆ ತೀರ್ಮಾನ ಕೊಡಲಿ, ಕಾಗದ ಏನಾದರೂ ಇದ್ದರೆ ಮುಂದಿನ ಸಲ ತನ್ನಿ ಎಂದರು.

ಹೊರಗೆ ಚಹಾದ ಅಂಗಡಿಯಲ್ಲಿ ಇಬ್ಬರೇ ಕೂತೆವು. "ಯಾಕ್ರಿ ಸುಳ್ಳು ಹೇಳಿದ್ರಿ?" ಎಂದೆ. ಕೇಳುವ ಮುಖ ನನಗಿರಲಿಲ್ಲ, ಆದರೂ ಕೇಳಿದೆ.

"ಪುಸ್ತಕ ಸುಳ್ಳಂದ್ರ, ಅದ್ರಾಗ ಹೆಸರು ಇದ್ದ ವಾಡದವ್ರಿಗೆ ತ್ರಾಸ ಆಗ್ತೈತ್ರಿ. ಅವ್ರೂ ಅದನ್ನ ತೋರ್ಸ್ತಾರ ನಾಳೆ. ಈ ಮುದುಕಿ ನೆನಪು ಕೆಟ್ಟತಂದ್ರ ಯಾರಿಗೇನು ಲುಕ್ಸಾನ?" ಬಟ್ಟಲು ಕೆಳಗಿಟ್ಟರು. "ಆ ಹಾಳಿ ಕಟ್ಟು ನಿಮ್ಮ ಹತ್ರ ಐತೇನ್ರಿ ಇನ್ನೂ?"

"ಇಲ್ರಿ. ಮನೆ ಬದಲಾಯಿಸುವಾಗ ಎಲ್ಲೋ ಹೋಗಿರಬೇಕು."

ಅದು ನನ್ನ ಟ್ರಂಕಿನಲ್ಲಿತ್ತು. ತಳದಲ್ಲಿ, ಸನ್ಮಾನದ ಶಾಲಿನ ಕೆಳಗೆ. ತೆಗೆದರೆ, ಪಟ್ಟಿಯಲ್ಲಿ ವಾಡ ಇತ್ತು, ಅವರು ಮರೆತಿರಲಿಲ್ಲ, ಹೊಡೆದು ಹಾಕಿದವಳು ನಾನು ಎಂದು ಊರಿಗೆಲ್ಲ ತಿಳಿಯುತ್ತಿತ್ತು. ನನ್ನ ಪೆನ್ನಿನ ಗೀಟು ಹಾಗೇ ಇತ್ತು. ಅವರು ನನ್ನ ಮುಖವನ್ನೇ ನೋಡಿದರು, ದಾರಿಯನ್ನು ತಿರುಗಿ ನೋಡುತ್ತಿದ್ದ ಹಾಗೆ. "ಇರ್ಲಿ ಬಿಡ್ರಿ" ಎಂದರು. ಬಸ್ಸು ಬಂತು, ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಅಂತ್ಯಕ್ರಿಯೆಗೆ ಹೋದೆ. ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆ. ಬಯಲಿನ ರೈತರು, ಗೌಳಿಗರು, ಕೆಂಪು ನಿಲುವಂಗಿಯ ಇಬ್ಬರು ಟಿಬೆಟಿಯನ್ ಭಿಕ್ಷುಗಳು, ಸಿದ್ದಿ ಹೆಂಗಸರು, ಮಸೀದಿ ಓಣಿಯವರು. ನಾನು ಜನಸಂಖ್ಯೆಯ ಅಧ್ಯಾಯದಲ್ಲಿ ಬರೆದವರೆಲ್ಲ ಅಲ್ಲಿ ನಿಂತಿದ್ದರು. ಸತ್ತವರ ಮೇಲೂ ಹೊಟ್ಟೆಕಿಚ್ಚುಪಡಬಹುದು ಎಂದು ನನಗೆ ಅವತ್ತು ತಿಳಿಯಿತು. ಲೂಸಿಯಾ ಅಳುತ್ತಿರಲಿಲ್ಲ. ನನ್ನ ಹತ್ತಿರ ಬಂದು, "ಸೋಮವಾರ ಹಿಯರಿಂಗ್ ಐತ್ರಿ. ಹೇಳವ್ರು ಯಾರೂ ಉಳೀಲಿಲ್ಲ" ಎಂದಳು. ಅವಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಮನೆಗೆ ಬಂದು ಟ್ರಂಕು ತೆರೆದೆ. ಮೊದಲು ಶಾಲು, ಆಮೇಲೆ ಕಟ್ಟು. ಹಾಳೆಗಳನ್ನು ಒಂದೊಂದಾಗಿ ಓದಿದೆ. ಬರೆಯಲೆಂದು ಬೇಕಾದದ್ದನ್ನು ಹೆಕ್ಕಿಕೊಂಡಿದ್ದೆನೇ ಹೊರತು ಅಷ್ಟು ವರ್ಷದಲ್ಲಿ ಅದನ್ನು ಪೂರ್ತಿ ಓದಿರಲಿಲ್ಲ. ನನ್ನ ಗೀಟಿನ ಕೆಳಗೆ ಹನ್ನೊಂದು ಹೆಂಗಸರ ಹೆಸರಿತ್ತು. ನಾಚಿಕೆ ಬಂದದ್ದು ಆಗ.

ಸೋಮವಾರ ಹಳ್ಳದಾಚೆಯ ಹಾಳೆಯನ್ನು ಅಧಿಕಾರಿಯ ಮುಂದಿಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿದರು. ಮೊಹರು ನೋಡಿದರು, ವರ್ಷ ನೋಡಿದರು, ಸಹಿ ನೋಡಿದರು. "ಅವರು ಬರೆಯಲು ಮರೆತೆ ಎಂದಿದ್ದರಲ್ಲ?"

"ಮರೆತಿರಲಿಲ್ಲ. ಹೊಡೆದು ಹಾಕಿದವಳು ನಾನು. ಆ ಗೀಟು ನನ್ನದು."

"ಯಾಕೆ?"

"ಹೊಟ್ಟೆಕಿಚ್ಚಿಗೆ" ಎಂದೆ. ಆ ಕೋಣೆಯಲ್ಲಿ ಯಾರೂ ನಗಲಿಲ್ಲ. ಉಳಿದ ವಾಡಗಳೂ ಇದರಲ್ಲಿ ಇವೆ, ಪುಸ್ತಕದಲ್ಲಿ ಇರುವುದು ಸುಳ್ಳಲ್ಲ, ಬಿಟ್ಟದ್ದು ಇದೊಂದೇ ಎಂದು ಇಡೀ ಕಟ್ಟನ್ನು ಮುಂದಿಟ್ಟೆ.

ಓದಿ ಎಂದರು. ನಿಂತು ಓದಿದೆ. "ಒಲಿ ಒಂದು. ಮಾಕ್ಲಿನಾ." ಹಿಂದಿನಿಂದ ಒಂದು ದನಿ, "ನಮ್ಮಜ್ಜಿರೀ." "ಒಲಿ ಎರಡು. ಫಾತಿಮಾಬಿ." "ನಮ್ಮವ್ವ." "ಒಲಿ ಮೂರು. ಯಲ್ಲವ್ವ." "ಅದೀನ್ರಿ." ಒಬ್ಬೊಬ್ಬರೇ ಎದ್ದು ನಿಲ್ಲುತ್ತ ಹೋದರು. "ಒಲಿ ಏಳು. ರೋಜಾಬಾಯಿ" ಎಂದಾಗ ಗೋಡೆಗೆ ಒರಗಿ ಕೂತಿದ್ದ ಮುದುಕಿಯೊಬ್ಬಳು ಕೈಯೆತ್ತಿ, "ಹಲಸಿನ ಗಿಡ ಬರದಾರೇನ್ ನೋಡವ್ವ, ಅದು ಇನ್ನೂ ಐತಿ" ಎಂದಳು. ಬರೆದಿದ್ದಾರೆ ಎಂದೆ. "ನಮ್ಮ ಅಕ್ಕೋರು ಏನೂ ಬಿಡ್ತಿರಲಿಲ್ಲ" ಎಂದು ಪಕ್ಕದವಳಿಗೆ ಹೇಳಿದಳು. ನಮ್ಮ ಅಕ್ಕೋರು. ನಾನು ಇಷ್ಟು ಮಂದಿಗೆ ಪಾಠ ಹೇಳಿದ್ದೇನೆ, ಯಾರೂ ಒಂದು ಸಲವೂ ನಮ್ಮ ಮೇಡಂ ಅಂದದ್ದಿಲ್ಲ. ಆ ಹೊತ್ತಿನಲ್ಲೂ ಅದು ಚುರುಕ್ ಎಂದಿತು. ಹನ್ನೊಂದನೆಯ ಒಲೆಯ ತನಕ ಓದಿ ಕೂತೆ.

ಜಾಗ ನೋಡಲು ಬರುತ್ತೇವೆ, ಹಲಸಿನ ಮರವನ್ನೂ ನೋಡುತ್ತೇವೆ, ಅಲ್ಲಿಯ ತನಕ ಯಾರೂ ಇವರನ್ನು ಎಬ್ಬಿಸಬಾರದು ಎಂದು ಅಧಿಕಾರಿ ಬರೆಸಿದರು. ಆಮೇಲೆ ಹಾಳೆಗಳನ್ನು ಕಡತಕ್ಕೆ ಸೇರಿಸುತ್ತ, ಒಂದು ನಮೂನೆಯ ಮೇಲೆ ಪೆನ್ನು ಹಿಡಿದು, "ದಾಖಲೆ ಹಾಜರುಪಡಿಸಿದವರು" ಎಂದು ಓದಿ ನನ್ನ ಕಡೆ ನೋಡಿದರು.

ನಾನು ಅಕ್ಕೋರ ಹೆಸರು ಹೇಳಿದೆ.

"ತೀರಿಹೋದವರ ಹೆಸರು ಇಲ್ಲಿ ಬರೆಯಲು ಬರುವುದಿಲ್ಲ ಮೇಡಂ. ನಿಮ್ಮ ಹೆಸರು ಹೇಳಿ."

"ನನ್ನ ಹೆಸರು ಬ್ಯಾಡ್ರಿ" ಎಂದೆ.

"ಬೇರೆ ದಾರಿ ಇಲ್ಲ."

ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ಹಿಂದೆ ಹನ್ನೊಂದು ಒಲೆಯ ಹೆಂಗಸರು ನಿಂತೇ ಇದ್ದರು. ನಾನು ನನ್ನ ಹೆಸರು ಹೇಳಿದೆ. ಅವರು ಬರೆದುಕೊಂಡರು.